ತೋಟದ ಶೆಡ್‌ನಲ್ಲಿ 1952ರ ಎಂಜಿ: ರಿಪೇರಿ ಮಾಡಿಸಿ ಮಾರಲಾ, ಹಾಗೇ ಮಾರಲಾ?

ಓದುಗರ ಪ್ರಶ್ನೆ: ಮೂಡಿಗೆರೆ ಹತ್ತಿರ ನಮ್ಮದು ಕಾಫಿ ತೋಟ. ಶೆಡ್‌ನಲ್ಲಿ ತಾತನ ಕಾಲದ ಎರಡು ಸೀಟಿನ ಎಂಜಿ ಕಾರಿದೆ. ಆರ್‌ಸಿ ಪುಸ್ತಕದಲ್ಲಿ 1952ರ ಟಿಡಿ ಮಾದರಿ ಎಂದಿದೆ, ಹಳೇ ಮೈಸೂರು ರಾಜ್ಯದ ಎಂವೈ ಸರಣಿಯ ನಂಬರ್. ಗಾಡಿ ಈಗಲೂ ತಾತನ ಹೆಸರಿನಲ್ಲೇ ಇದೆ. ತಾತ, ಅಪ್ಪ ಇಬ್ಬರೂ ಈಗಿಲ್ಲ. ಇಬ್ಬರು ಅತ್ತೆಯಂದಿರು ಇದ್ದಾರೆ. ಎಪ್ಪತ್ತರ ದಶಕದಲ್ಲಿ ಎಂಜಿನ್ ಕೆಟ್ಟಾಗ ಅಂಬಾಸಿಡರ್ ಎಂಜಿನ್ ಕೂರಿಸಿದ್ದರಂತೆ. ಹಳೇ ಎಂಜಿನ್ ಗೋಡೌನ್ ಮೂಲೆಯಲ್ಲಿ ಗೋಣಿಚೀಲದ ಕೆಳಗೆ ಬಿದ್ದಿದೆ. ಗಾಡಿ ಓಡಿ ಇಪ್ಪತ್ತೈದು ವರ್ಷದ ಮೇಲಾಯಿತು. ಬಾಗಿಲು ಜೋತು ಬಿದ್ದಿದೆ, ನೆಲದ ಹಲಗೆಯನ್ನು ಗೆದ್ದಲು ತಿಂದಿದೆ. ಬೆಂಗಳೂರಿನ ಒಬ್ಬರು ಹೇಗಿದೆಯೋ ಹಾಗೇ 9 ಲಕ್ಷಕ್ಕೆ ಕೊಡಿ, ಪೇಪರ್ ಚಿಂತೆ ನಿಮಗೆ ಬೇಡ ಅನ್ನುತ್ತಾರೆ. ಒಂದು ಗ್ಯಾರೇಜಿನವರು 18 ಲಕ್ಷ ಖರ್ಚು ಮಾಡಿದರೆ ಹೊಸ ಗಾಡಿ ಥರ ಮಾಡಿಕೊಡುತ್ತೇವೆ, 45 ಲಕ್ಷಕ್ಕೆ ಹೋಗುತ್ತೆ ಅನ್ನುತ್ತಾರೆ. ಅಂಬಾಸಿಡರ್ ಎಂಜಿನ್ನೂ ಎಂಜಿ ಎಂಜಿನ್ನೂ ಒಂದೇ, ಹಳೇದನ್ನು ಗುಜರಿಗೆ ಹಾಕಿ ಅಂತಲೂ ಹೇಳಿದ್ದಾರೆ. ಏನು ಮಾಡಲಿ ಸರ್?

ಉತ್ತರ:

ಮೊದಲು ಕೊನೆಯ ಮಾತಿಗೆ ಉತ್ತರ ಕೊಡುತ್ತೇನೆ, ಯಾಕೆಂದರೆ ಅದು ಅರ್ಜೆಂಟ್. ಆ ಹಳೇ ಎಂಜಿನ್ನನ್ನು ಗುಜರಿಗೆ ಹಾಕಬೇಡಿ. ಅದರ ಸುತ್ತ ಬಿದ್ದಿರುವ ಬ್ರಾಕೆಟ್ಟು, ಕಾರ್ಬ್ಯುರೇಟರು, ಡೈನಮೋ, ಒಂದು ನಟ್ಟನ್ನೂ ಹೊರಗೆ ಹಾಕಬೇಡಿ. ನಿಮ್ಮ ಇಡೀ ಪತ್ರದಲ್ಲಿ ಅತ್ಯಂತ ಬೆಲೆಬಾಳುವ ಸುದ್ದಿ ಅಂದರೆ ಆ ಎಂಜಿನ್ ಇನ್ನೂ ಮನೆಯಲ್ಲೇ ಇದೆ ಅನ್ನುವುದು.

ನಿಮ್ಮ ಚಿಂತೆ ನನಗೆ ಅರ್ಥವಾಗುವುದು ಹೀಗೆ: ಈಗಲೇ ಕೊಟ್ಟರೆ ಮೋಸ ಹೋಗುತ್ತೇನಾ, ದುಡ್ಡು ಹಾಕಿದರೆ ಮುಳುಗುತ್ತೇನಾ. ಎರಡೂ ಆಗಬಹುದು. ನಿಮ್ಮ ಮುಂದಿರುವ ಎರಡು ಆಫರ್‌ಗಳೂ ನನಗೆ ಸರಿ ಕಾಣುತ್ತಿಲ್ಲ. ಮೂರನೇ ದಾರಿ ಇದೆ, ಅದಕ್ಕೆ ಆಮೇಲೆ ಬರುತ್ತೇನೆ.

ನಿಮ್ಮ ಗಾಡಿಯ ಬಗ್ಗೆ ಸ್ವಲ್ಪ ಹೇಳಬೇಕು. ಟಿಡಿ ಮಾದರಿ ಇಂಗ್ಲೆಂಡಿನ ಅಬಿಂಗ್ಡನ್ ಫ್ಯಾಕ್ಟರಿಯಲ್ಲಿ 1949ರ ಕೊನೆಯಿಂದ 1953ರವರೆಗೆ ತಯಾರಾಯಿತು. 1250 ಸಿಸಿ ಎಂಜಿನ್, 54 ಅಶ್ವಶಕ್ತಿ, ಎಸ್‌ಯು ಕಂಪನಿಯ ಎರಡು ಕಾರ್ಬ್ಯುರೇಟರ್. ಒಟ್ಟು ಸುಮಾರು 30 ಸಾವಿರ ಗಾಡಿಗಳು ಹೊರಬಂದವು. ಅದರಲ್ಲಿ ಹೆಚ್ಚಿನವು ಅಮೆರಿಕಕ್ಕೆ ಹೋದವು. ಇದಕ್ಕಿಂತ ಮೊದಲಿನ ಟಿಸಿ ಸುಮಾರು 10 ಸಾವಿರ, ಆಮೇಲಿನ ಟಿಎಫ್ ಅದಕ್ಕಿಂತ ಸ್ವಲ್ಪ ಕಡಿಮೆ. ಅಂದರೆ ಪ್ರಪಂಚದ ಲೆಕ್ಕದಲ್ಲಿ ಟಿಡಿ ಅಪರೂಪದ ಗಾಡಿ ಏನಲ್ಲ. ಇದರಿಂದ ಒಂದು ಲಾಭ, ಒಂದು ನಷ್ಟ. ಲಾಭ ಏನೆಂದರೆ ಬ್ರಿಟನ್ನಿನಲ್ಲೂ ಅಮೆರಿಕದಲ್ಲೂ ಇದರ ಬಿಡಿಭಾಗಗಳನ್ನು ಇವತ್ತಿಗೂ ಹೊಸದಾಗಿ ಮಾಡಿ ಮಾರುವವರಿದ್ದಾರೆ. ನಷ್ಟ ಏನೆಂದರೆ ಬೆಲೆ ಆಕಾಶಕ್ಕೆ ಏರುವುದಿಲ್ಲ. ನಮ್ಮ ದೇಶದಲ್ಲಿ ಇರುವುದು ಕಡಿಮೆ, ಹಾಗಾಗಿ ಇಲ್ಲಿ ಸ್ವಲ್ಪ ಜಾಸ್ತಿ ಸಿಗಬಹುದು. ಆದರೆ 45 ಲಕ್ಷ ಅಂದವರನ್ನು ಒಂದೇ ಒಂದು ಪ್ರಶ್ನೆ ಕೇಳಿ: ಇಂಥ ಟಿಡಿಯನ್ನು ಆ ಬೆಲೆಗೆ ಕೊಂಡ ಒಬ್ಬರ ಹತ್ತಿರ ನನ್ನನ್ನು ಮಾತಾಡಿಸುತ್ತೀರಾ? ಜಾಹೀರಾತಿನಲ್ಲಿ ಕೇಳುವ ಬೆಲೆ ಬೇರೆ, ಕೈಗೆ ಬರುವ ಬೆಲೆ ಬೇರೆ. 18 ಲಕ್ಷದ ಕೆಲಸ ಹಿಡಿಯಬೇಕು ಅನ್ನುವವರೇ 45 ಲಕ್ಷದ ಆಸೆ ತೋರಿಸುತ್ತಿದ್ದಾರೆ. ಆ ಬೆಲೆ ಬರದಿದ್ದರೆ ಅವರಿಗೇನೂ ನಷ್ಟವಿಲ್ಲ.

ಈಗ ಎಂಜಿನ್ ವಿಷಯ. "ಎರಡೂ ಒಂದೇ" ಅನ್ನುವ ಮಾತು ನಮ್ಮ ಗ್ಯಾರೇಜುಗಳಲ್ಲಿ ತುಂಬಾ ಓಡಾಡುತ್ತದೆ. ಅದರಲ್ಲಿ ಅರ್ಧ ಸತ್ಯ ಇದೆ. ಅಂಬಾಸಿಡರ್‌ನ 1489 ಸಿಸಿ ಎಂಜಿನ್ ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ ಬಿ-ಸೀರೀಸ್ ಮನೆತನದ್ದು. 1955ರಲ್ಲಿ ಬಂದ ಎಂಜಿಎ ಎಂಬ ಸ್ಪೋರ್ಟ್ಸ್ ಕಾರಿನಲ್ಲೂ ಅದೇ ಮನೆತನದ 1489 ಸಿಸಿ ಎಂಜಿನ್ ಇತ್ತು. ನಿಮ್ಮದು ಎಂಜಿಎ ಆಗಿದ್ದರೆ ಆ ಮಾತನ್ನು ಸ್ವಲ್ಪ ಮಟ್ಟಿಗೆ ಒಪ್ಪಬಹುದಿತ್ತು. ಟಿಡಿಯ ಎಂಜಿನ್ ಎಕ್ಸ್‌ಪಿಎಜಿ. ಅದು ಮಾರಿಸ್ ಕಂಪನಿಯ ಬೇರೆಯೇ ವಂಶ. ಗೇರ್‌ಬಾಕ್ಸ್ ಜೋಡಣೆ, ಮೌಂಟಿಂಗ್, ನಟ್ಟು ಬೋಲ್ಟು ಯಾವುದೂ ಅಂಬಾಸಿಡರ್‌ಗೆ ಹೊಂದುವುದಿಲ್ಲ.

ನಟ್ಟು ಬೋಲ್ಟಿನ ಮಾತು ಬಂದಿದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ಮಾರಿಸ್ ಕಂಪನಿ 1923ರಲ್ಲಿ ಫ್ರೆಂಚ್ ಮೂಲದ ಹಾಚ್ಕಿಸ್ ಕಂಪನಿಯ ಕಾವೆಂಟ್ರಿ ಫ್ಯಾಕ್ಟರಿಯನ್ನು ಕೊಂಡುಕೊಂಡಿತು. ಅಲ್ಲಿನ ಮೆಷಿನ್‌ಗಳೆಲ್ಲ ಮೆಟ್ರಿಕ್ ಅಳತೆಯವು. ಹಾಗಾಗಿ ಈ ಎಂಜಿನ್ನಿನ ಬೋಲ್ಟುಗಳಲ್ಲಿ ಮರೆ, ಅಂದರೆ ತಿರುಪಿನ ಸುತ್ತು, ಮೆಟ್ರಿಕ್, ಅದೂ ಸುತ್ತುಗಳು ಒತ್ತೊತ್ತಾಗಿರುವ ಸಣ್ಣ ಪಿಚ್ಚಿನದು, ತಲೆ ಮಾತ್ರ ಬ್ರಿಟಿಷ್ ವಿಟ್‌ವರ್ತ್ ಸ್ಪ್ಯಾನರಿನ ಅಳತೆ. ಇದು ಗೊತ್ತಿಲ್ಲದ ಮೆಕ್ಯಾನಿಕ್ ಕೈಗೆ ಸಿಕ್ಕಿದ ಬೋಲ್ಟ್ ತಿರುಗಿಸಿ ಬ್ಲಾಕಿನ ಮರೆ ಕೆಡಿಸುತ್ತಾನೆ. ಕೆಲಸ ಕೊಡುವ ಮೊದಲು ಆ ಗ್ಯಾರೇಜಿನವರನ್ನು ಈ ಬಗ್ಗೆ ಕೇಳಿ ನೋಡಿ. ಉತ್ತರ ತಡವರಿಸಿದರೆ ಎಂಜಿನ್ ಅವರ ಕೈಗೆ ಕೊಡಬೇಡಿ.

ಅಂಬಾಸಿಡರ್ ಎಂಜಿನ್ ಕೂರಿಸಿದ ಹಳೆಯ ಮೇಸ್ತ್ರಿಯನ್ನು ನಾನು ದೂರುವುದಿಲ್ಲ. ಆಗ ಆಮದು ಅನ್ನುವುದೇ ಇರಲಿಲ್ಲ ಅನ್ನಬಹುದು, ಸ್ಪೇರ್ ಸಿಗುತ್ತಿರಲಿಲ್ಲ, ತೋಟದಲ್ಲಿ ಗಾಡಿ ಓಡಬೇಕಿತ್ತು. ಅವರಿಂದಲೇ ನಿಮ್ಮ ಗಾಡಿ ಉಳಿಯಿತು. ಆದರೆ ಕೂರಿಸುವಾಗ ಏನೇನು ಕತ್ತರಿಸಿದರು ಅನ್ನುವುದು ಇವತ್ತಿನ ಬೆಲೆಯನ್ನು ತೀರ್ಮಾನಿಸುತ್ತದೆ. ಚಾಸಿಯ, ಅಂದರೆ ಗಾಡಿಯ ಅಡಿ ಚೌಕಟ್ಟಿನ, ಅಡ್ಡಪಟ್ಟಿ ಕೊಯ್ದಿದ್ದಾರಾ? ಎಂಜಿನ್ ಮತ್ತು ಕಾಲಿಡುವ ಜಾಗದ ನಡುವಿನ ತಗಡಿನ ಗೋಡೆಯನ್ನು ಬಡಿದು ಒಳಗೆ ತಳ್ಳಿದ್ದಾರಾ? ಗೇರ್‌ಬಾಕ್ಸ್ ಯಾವುದು? ಟಾರ್ಚ್ ಹಿಡಿದು ಕೆಳಗೆ ಮಲಗಿ ನೋಡಿ, ಪ್ರತಿ ವೆಲ್ಡಿಂಗಿನ ಫೋಟೋ ತೆಗೆಯಿರಿ. ಬೋಲ್ಟ್ ಬಿಚ್ಚಿದರೆ ವಾಪಸ್ ಬರುವ ಬದಲಾವಣೆ ಆಗಿದ್ದರೆ ಅದೃಷ್ಟ. ಚಾಸಿ ಕೊಯ್ದಿದ್ದರೆ ಖರ್ಚು ಬೇರೆ ಲೆಕ್ಕ.

ಇದಕ್ಕೆ ಕಾನೂನಿನ ಕಾರಣವೂ ಇದೆ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನಿಯಮ ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು. ಅದಷ್ಟೇ ಸಾಲದು, ಗಾಡಿ ಮೂಲ ರೂಪದಲ್ಲಿರಬೇಕು. ಚಾಸಿ, ಬಾಡಿ, ಎಂಜಿನ್ ಇವುಗಳಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ನಿಮ್ಮ ಆರ್‌ಸಿಯಲ್ಲಿ ಇರುವ ಎಂಜಿನ್ ನಂಬರ್ ಯಾವುದು, ನೋಡಿದ್ದೀರಾ? ಎಕ್ಸ್‌ಪಿಎಜಿ ಎಂದು ಶುರುವಾದರೆ ಗೋಡೌನಿನಲ್ಲಿರುವ ಎಂಜಿನ್ನೇ ದಾಖಲೆಯ ಎಂಜಿನ್. ಈಗ ಗಾಡಿಯಲ್ಲಿ ಕೂತಿರುವುದು ದಾಖಲೆಗೆ ಹೊಂದದ ಎಂಜಿನ್. ಅದೇ ಸ್ಥಿತಿಯಲ್ಲಿ ಆರ್‌ಟಿಓ ತಪಾಸಣೆಗೆ ಹೋದರೆ ಅಲ್ಲೇ ನಿಲ್ಲುತ್ತದೆ. ಹಳೇ ಎಂಜಿನ್ನಿನ ಮೇಲೆ ಎಂಟು ಮೂಲೆಯ ಒಂದು ಸಣ್ಣ ಹಿತ್ತಾಳೆ ತಗಡು ಇರುತ್ತದೆ, ನಂಬರ್ ಅದರ ಮೇಲೆ. ಮಣ್ಣು, ಗ್ರೀಸು ಮೆತ್ತಿರಬಹುದು. ಸೀಮೆಎಣ್ಣೆ ಬಟ್ಟೆಯಿಂದ ಮೆಲ್ಲಗೆ ಒರೆಸಿ ಓದಿ. ಚಾಸಿ ನಂಬರ್ ಟಿಡಿ ಎಂದು ಶುರುವಾಗುತ್ತದೆ. ಅದು ಚಾಸಿಯ ಮುಂಭಾಗದಲ್ಲೇ ಕೊರೆದಿರುತ್ತದೆ. ತುಕ್ಕು ತೆಗೆಯುವ ನೆಪದಲ್ಲಿ ಅಲ್ಲಿ ಗ್ರೈಂಡರ್ ಹಿಡಿಯಲು ಯಾರನ್ನೂ ಬಿಡಬೇಡಿ. ಒಮ್ಮೆ ಅಳಿಸಿದ ನಂಬರನ್ನು ಮತ್ತೆ ಕೊರೆದರೆ ಅದು ಕಳ್ಳಗಾಡಿಯ ಲಕ್ಷಣವಾಗಿ ಕಾಣುತ್ತದೆ.

ಈ ಮೂರು ನಂಬರ್‌ಗಳು, ಅಂದರೆ ಚಾಸಿ, ಎಂಜಿನ್, ಆರ್‌ಸಿ, ಒಂದಕ್ಕೊಂದು ತಾಳೆಯಾದರೆ ನಿಮ್ಮ ಗಾಡಿಯ ಮುಖ್ಯ ಬೆಲೆ ಅಲ್ಲೇ ಇದೆ. ಪೇಂಟಿನಲ್ಲಿ ಅಲ್ಲ. ತಿಳಿದವರು ಕೊಳ್ಳುವಾಗ ಮೊದಲು ನೋಡುವುದೇ ಇದನ್ನು. ಪೇಂಟ್ ಯಾವಾಗ ಬೇಕಾದರೂ ಹೊಡೆಸಬಹುದು, ಕಳೆದ ಎಂಜಿನ್ ಮತ್ತೆ ಹುಟ್ಟುವುದಿಲ್ಲ.

ಹಾಗಾಗಿ "ಪೇಪರ್ ಚಿಂತೆ ಬೇಡ" ಅಂದವರ ಮಾತಿಗೆ ನಾನು ಹೆದರುತ್ತೇನೆ. ಗಾಡಿ ತಾತನ ಹೆಸರಿನಲ್ಲಿದೆ. ತೀರಿಹೋದವರ ಹೆಸರಿನ ಗಾಡಿಯನ್ನು ನೀವು ಕಾನೂನು ಪ್ರಕಾರ ಮಾರಲು ಬರುವುದಿಲ್ಲ. ಅವರು 9 ಲಕ್ಷ ಕೊಟ್ಟು ತೆಗೆದುಕೊಂಡು ಹೋಗಿ, ಆ ಆರ್‌ಸಿಯನ್ನು ಇನ್ಯಾವುದೋ ಗಾಡಿಗೆ ಅಂಟಿಸಿದರೆ? ನಾಳೆ ಪೊಲೀಸರು ಬರುವುದು ನಿಮ್ಮ ಮನೆಗೆ. ಎಲ್ಲರೂ ಹಾಗೆ ಮಾಡುತ್ತಾರೆ ಅನ್ನುತ್ತಿಲ್ಲ. ಆದರೆ ಪೇಪರ್ ಇಲ್ಲದೆ ಕೊಳ್ಳುವವರು ಆ ತೊಂದರೆಯನ್ನು ಬೆಲೆಯಲ್ಲಿ ಕಳೆದೇ ಕೊಳ್ಳುತ್ತಾರೆ. ಆ ಕಳೆದ ದುಡ್ಡು ನಿಮ್ಮದು.

ಕೆಲಸ ಇಲ್ಲಿಂದ ಶುರು ಮಾಡಿ. ನಾಡಕಚೇರಿಯಲ್ಲಿ ತಾತನ ವಂಶವೃಕ್ಷ ಮಾಡಿಸಿ. ತಾತನ, ಅಪ್ಪನ ಮರಣ ಪ್ರಮಾಣಪತ್ರ ಇಟ್ಟುಕೊಳ್ಳಿ. ಅತ್ತೆಯಂದಿರಿಬ್ಬರೂ ವಾರಸುದಾರರೇ. "ಗಾಡಿ ತಾನೇ, ಅವರನ್ನು ಯಾಕೆ ಕೇಳಬೇಕು" ಅಂತ ಬಿಡಬೇಡಿ. ಕೂತು ಮಾತಾಡಿ, ಅವರ ಒಪ್ಪಿಗೆಯನ್ನು ಅಫಿಡವಿಟ್ ರೂಪದಲ್ಲಿ ತೆಗೆದುಕೊಳ್ಳಿ, ಅವರ ಪಾಲೂ ಬರೆದಿಡಿ. ನಿಮ್ಮ ತಾಯಿ, ಅಣ್ಣತಮ್ಮಂದಿರು, ಅಕ್ಕತಂಗಿಯರು ಇದ್ದರೆ ಅವರದ್ದೂ ಬೇಕು. ವಾರಸುದಾರರ ಹೆಸರಿಗೆ ವರ್ಗಾಯಿಸಲು ಫಾರ್ಮ್ 31. ಆರ್‌ಸಿ ಓದಲು ಬಾರದಷ್ಟು ಹರಿದಿದ್ದರೆ ನಕಲು ಪ್ರತಿಗೆ ಫಾರ್ಮ್ 26. ಆಮೇಲೆ ಮಾರುವಾಗ 29 ಮತ್ತು 30. ಇಷ್ಟು ಹಳೆಯ ನಂಬರ್ ಕಂಪ್ಯೂಟರಿನಲ್ಲಿ ಸಿಗದೇ ಇರಬಹುದು. ಆಗ ಹಳೇ ರಿಜಿಸ್ಟರ್ ನೋಡಿ ಕಂಪ್ಯೂಟರಿಗೆ ಸೇರಿಸಬೇಕು ಎಂದು ಅರ್ಜಿ ಕೊಡಬೇಕು. ಇದಕ್ಕೆ ಓಡಾಟ ಇದೆ, ತಾಳ್ಮೆ ಬೇಕು. ಆದರೂ ಗಾಡಿಯ ಮೇಲೆ ನೀವು ಮಾಡುವ ಯಾವ ಖರ್ಚಿಗಿಂತಲೂ ಇದು ಜಾಸ್ತಿ ವಾಪಸ್ ಕೊಡುತ್ತದೆ.

ಹದಿನೈದು ವರ್ಷ ದಾಟಿದ ಗಾಡಿಯನ್ನು ಸರ್ಕಾರ ಗುಜರಿಗೆ ಎಳೆದುಕೊಂಡು ಹೋಗುತ್ತದೆ ಅಂತ ಯಾರಾದರೂ ಹೆದರಿಸಿದರೆ ನಂಬಬೇಡಿ. ನಮ್ಮ ರಾಜ್ಯದಲ್ಲಿ ಖಾಸಗಿ ಕಾರಿಗೆ ಎಫ್‌ಸಿ ಮಾಡಿಸಿ, ತೆರಿಗೆ ಕಟ್ಟಿ ನೋಂದಣಿ ಮುಂದುವರಿಸಬಹುದು. ಇನ್ನೊಂದು ದಾರಿ ನಾನು ಹೇಳಿದ ವಿಂಟೇಜ್ ನೋಂದಣಿ. ಹೊಸದಾಗಿ ಮಾಡಿಸಲು 20 ಸಾವಿರ ರೂಪಾಯಿ, 10 ವರ್ಷ ನಡೆಯುತ್ತದೆ, ಆಮೇಲೆ ನವೀಕರಣಕ್ಕೆ 5 ಸಾವಿರ. ಹೊಸ ನಂಬರ್ ಕೊಟ್ಟರೆ ಅದರಲ್ಲಿ ವಿಎ ಎಂಬ ಅಕ್ಷರಗಳು ಬರುತ್ತವೆ. ಮೊದಲೇ ನೋಂದಣಿ ಇರುವ ಗಾಡಿ ತನ್ನ ಹಳೇ ನಂಬರನ್ನೇ ಉಳಿಸಿಕೊಳ್ಳಬಹುದು. ಎಂವೈ ನಂಬರನ್ನು ದಯವಿಟ್ಟು ಉಳಿಸಿಕೊಳ್ಳಿ, ಅದನ್ನು ಇಷ್ಟಪಡುವವರು ತುಂಬಾ ಜನ ಇದ್ದಾರೆ. ಆದರೆ ವಿಂಟೇಜ್ ನೋಂದಣಿಯಲ್ಲಿ ಒಂದು ಕಟ್ಟುಪಾಡು ಇದೆ. ರ‍್ಯಾಲಿ, ಪ್ರದರ್ಶನ, ಪೆಟ್ರೋಲ್, ರಿಪೇರಿ ಇಂಥ ಕೆಲಸಕ್ಕೆ ಮಾತ್ರ ರಸ್ತೆಗಿಳಿಸಬಹುದು, ದಿನನಿತ್ಯ ಓಡಿಸುವಂತಿಲ್ಲ. ಭಾನುವಾರ ನಂದಿಬೆಟ್ಟಕ್ಕೆ ಹೋಗಿಬರಬೇಕು ಅನ್ನುವ ಗಿರಾಕಿಗೆ ಇದು ಹಿಡಿಸದೇ ಇರಬಹುದು. ಹಾಗಾಗಿ ಮಾರುವ ಉದ್ದೇಶವಿದ್ದರೆ ಮೊದಲು ನಿಮ್ಮ ಹೆಸರಿಗೆ ವರ್ಗಾಯಿಸಿ. ಯಾವ ನೋಂದಣಿ ಅನ್ನುವುದನ್ನು ಗಿರಾಕಿ ಸಿಕ್ಕ ಮೇಲೆ ಅವರ ಜೊತೆ ಸೇರಿ ತೀರ್ಮಾನಿಸಿ.

ಇನ್ನು ಗಾಡಿಯ ಮೈ. ಬಾಗಿಲು ಜೋತು ಬಿದ್ದಿದೆ ಅಂದಿರಿ. ತುಂಬಾ ಜನ ಇದನ್ನು ಕೀಲಿನ ತೊಂದರೆ ಅಂದುಕೊಂಡು ವಾಷರ್ ಹಾಕಿ ಎತ್ತುತ್ತಾರೆ. ಟಿಡಿಯ ಚಾಸಿ ಕಬ್ಬಿಣದ್ದು, ಆದರೆ ಅದರ ಮೇಲೆ ಕೂರುವ ಬಾಡಿಯ ಒಳಗಿನ ಅಸ್ಥಿಪಂಜರ ಮರದ್ದು. ಇಂಗ್ಲೆಂಡಿನಲ್ಲಿ ಬೆಳೆಯುವ ಆ್ಯಶ್ ಎಂಬ ಮರ. ಹೊರಗಿನ ತಗಡನ್ನು ಆ ಮರಕ್ಕೆ ಮೊಳೆ, ಸ್ಕ್ರೂ ಹೊಡೆದು ಕೂರಿಸಿರುತ್ತಾರೆ. ಮಲೆನಾಡಿನ ಮಳೆ, ಶೆಡ್ಡಿನ ಮಣ್ಣಿನ ನೆಲ, ಗೆದ್ದಲು ಮೂರೂ ಸೇರಿದರೆ ಬಾಗಿಲ ಕಂಬದ ಬುಡ ಮೊದಲು ಹೋಗುತ್ತದೆ. ಮೇಲೆ ತಗಡು ಚೆನ್ನಾಗೇ ಕಾಣುತ್ತದೆ. ಒಳಗೆ ಸ್ಕ್ರೂಡ್ರೈವರ್ ಚುಚ್ಚಿದರೆ ಪುಡಿ ಉದುರುತ್ತದೆ. ನೆಲದ ಹಲಗೆ ಹೋಗಿದೆ ಅಂದರೆ ಕಂಬವೂ ಹೋಗಿರುವ ಸಾಧ್ಯತೆ ಹೆಚ್ಚು.

ಇಲ್ಲಿ ಎರಡು ಅಡ್ಡದಾರಿ ಇವೆ. ಒಂದು, ಮರದ ಜಾಗದಲ್ಲಿ ಕಬ್ಬಿಣದ ಕೋನ ಪಟ್ಟಿ ವೆಲ್ಡ್ ಮಾಡಿ, ಮೇಲೆ ಪುಟ್ಟಿ ಮೆತ್ತಿ, ಪೇಂಟ್ ಹೊಡೆಯುವುದು. ನೋಡಲು ಚೆಂದ. ಎರಡು ಮಳೆಗಾಲ ಕಳೆದರೆ ಪೇಂಟ್ ಬಿರಿಯುತ್ತದೆ, ಆ ಗಾಡಿಯನ್ನು ಮತ್ತೆ ಸರಿಮಾಡಲು ಎರಡು ಪಟ್ಟು ಖರ್ಚು. ಇನ್ನೊಂದು, ಇಡೀ ಮರದ ಚೌಕಟ್ಟನ್ನು ಕಿತ್ತು ಹೊಸದು ಹಾಕುವುದು. ನಿಜವಾಗಿ ಬೇಕಾದದ್ದು ಇವೆರಡೂ ಅಲ್ಲ. ಹಾಳಾದ ಭಾಗವನ್ನಷ್ಟೇ ಕೊಯ್ದು ಹೊಸ ತುಂಡನ್ನು ಜೋಡಿಸಬೇಕು. ಒಳ್ಳೆ ಬಡಗಿ ಸಿಕ್ಕರೆ ಈ ಕೆಲಸ ಸುಂದರವಾಗಿ ಆಗುತ್ತದೆ, ಮಲೆನಾಡಿನಲ್ಲಿ ಅಂಥ ಬಡಗಿಗಳು ಇದ್ದಾರೆ. ಆ್ಯಶ್ ಸಿಗದಿದ್ದರೆ ಹಳೇ ತೇಗ ನಡೆಯುತ್ತದೆ. ತೇಗದಲ್ಲಿ ಎಣ್ಣೆ ಇರುವುದರಿಂದ ಅಂಟು ಸರಿಯಾಗಿ ಹಿಡಿಯಲ್ಲ. ಅಂಟಿಸುವ ಮೊದಲು ಆ ಮೈಯನ್ನು ತಿನ್ನರ್‌ನಿಂದ ಒರೆಸಲು ಬಡಗಿಗೆ ಹೇಳಿ. ಏನು ಹಾಕಿದಿರಿ ಎಂದು ಗಿರಾಕಿಗೂ ಹೇಳಿ.

ಈಗ ನಾನು ಹೇಳುವ ಮೂರನೇ ದಾರಿ. ಗಾಡಿಯನ್ನು ಹೊಸದರಂತೆ ಮಾಡಿಸಬೇಡಿ. ಮೂಲ ಎಂಜಿನ್ ವಾಪಸ್ ಕೂರಿಸಿ, ಬ್ರೇಕ್ ಪೂರ್ತಿ ಸರಿಮಾಡಿಸಿ, ಮರದ ಕೆಲಸ ಮಾಡಿಸಿ, ವೈರಿಂಗ್ ಬದಲಿಸಿ. ಪೇಂಟ್, ಸೀಟು, ಕ್ರೋಮ್ ಮುಟ್ಟಬೇಡಿ. ಯಾಕೆ ಅಂದರೆ ಪೂರ್ತಿ ರಿಸ್ಟೊರೇಷನ್ನಿನಲ್ಲಿ ದುಡ್ಡು ಕುಡಿಯುವುದೇ ಈ ಕೊನೆಯ ಮೂರು. ಅವುಗಳಲ್ಲಿ ಹಾಕಿದ್ದು ಮಾರಾಟದಲ್ಲಿ ಪೂರ್ತಿ ವಾಪಸ್ ಬರುವುದಿಲ್ಲ. ಕೊಳ್ಳುವವರಿಗೆ ತಮ್ಮದೇ ಬಣ್ಣದ ಆಸೆ ಇರುತ್ತದೆ. ಜೊತೆಗೆ ಹೊಸ ಪೇಂಟಿನ ಕೆಳಗೆ ಏನು ಮುಚ್ಚಿದ್ದಾರೋ ಅನ್ನುವ ಅನುಮಾನ. ಹಳೇ ಪೇಂಟು ಇದ್ದರೆ ಗಾಡಿಯ ಮೈ ಎಲ್ಲಿ ಹೇಗಿದೆ ಎಂದು ಕಣ್ಣಿಗೆ ಕಾಣುತ್ತದೆ.

ಗ್ಯಾರೇಜಿನವರು ವೈರ್ ವೀಲ್ ಹಾಕೋಣ ಅಂದಿರಬಹುದು. ಎಂಜಿ ಅಂದರೆ ಕಡ್ಡಿ ಚಕ್ರ ಅನ್ನುವ ನಂಬಿಕೆ ಬಂದಿರುವುದು ಟಿಸಿಯಿಂದ. ಟಿಡಿ ಫ್ಯಾಕ್ಟರಿಯಿಂದ ಬಂದದ್ದೇ 15 ಇಂಚಿನ ಉಕ್ಕಿನ ತಟ್ಟೆ ಚಕ್ರಗಳ ಮೇಲೆ. ಇರುವ ಚಕ್ರವನ್ನೇ ಚೊಕ್ಕ ಮಾಡಿ ಬಿಡಿ, ಅದೇ ಸರಿ.

ಎಂಜಿನ್ ಜಾಮ್ ಆಗಿದ್ದರೆ ಹ್ಯಾಂಡಲ್ ಹಾಕಿ ಬಲವಂತ ಮಾಡಬೇಡಿ. ಸ್ಪಾರ್ಕ್ ಪ್ಲಗ್ ತೆಗೆದು ಪ್ರತಿ ಸಿಲಿಂಡರಿನ ಒಳಗೂ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ವಾರಗಟ್ಟಲೆ ನೆನೆಯಲು ಬಿಡಿ. ಹೆಡ್ಡು ಮತ್ತು ಕ್ರ್ಯಾಂಕ್ ಎರಡನ್ನೂ ಬಿರುಕಿನ ಪರೀಕ್ಷೆ ಮಾಡಿಸಿದ ಮೇಲೆಯೇ ಬಿಡಿಭಾಗ ತರಿಸಿ. ಮೊದಲೇ ಪಿಸ್ಟನ್ ತರಿಸಿ, ಆಮೇಲೆ ಕ್ರ್ಯಾಂಕ್ ಬಿರಿದಿದೆ ಅಂತ ಗೊತ್ತಾದರೆ ದುಡ್ಡು ದಂಡ. ಒಂದು ಸಮಾಧಾನ ಇದೆ: ಈ ಎಂಜಿನ್ನಿನ ಬೇರಿಂಗ್‌ಗಳು ಬದಲಾಯಿಸಬಹುದಾದ ಶೆಲ್‌ಗಳು. ಲೋಹ ಕರಗಿಸಿ ಸುರಿಯುವ ಹಳೇ ಪದ್ಧತಿಯ ಕಷ್ಟ ಇಲ್ಲ. ಹಿಂಬದಿಯಿಂದ ಸ್ವಲ್ಪ ಆಯಿಲ್ ಸೋರುವುದು ಈ ಎಂಜಿನ್ನಿನ ಹುಟ್ಟುಗುಣ. ಅದನ್ನು ಗಿರಾಕಿಗೆ ಮೊದಲೇ ಹೇಳಿಬಿಡಿ. ಬ್ರೇಕ್ ಡ್ರಮ್ ಬಿಚ್ಚುವಾಗ ಒಳಗಿನ ಧೂಳನ್ನು ಗಾಳಿ ಹೊಡೆದು ಹಾರಿಸಬಾರದು. ಹಳೇ ಲೈನಿಂಗಿನಲ್ಲಿ ಆಸ್ಬೆಸ್ಟಾಸ್ ಇರುತ್ತದೆ, ಒದ್ದೆ ಬಟ್ಟೆಯಲ್ಲಿ ಒರೆಸಬೇಕು.

ಪೆಟ್ರೋಲ್ ಬಗ್ಗೆಯೂ ಎಚ್ಚರ. ಈಗ ಬಂಕಿನಲ್ಲಿ ಸಿಗುವುದು ಎಥನಾಲ್ ಬೆರೆತದ್ದು. ಈ ಕಾರ್ಬ್ಯುರೇಟರಿನ ಜೆಟ್‌ಗಳಿಗೆ ಹಳೇ ಕಾಲದಲ್ಲಿ ಕಾರ್ಕ್ ಸೀಲ್ ಇರುತ್ತಿತ್ತು. ಪೈಪುಗಳು ಹಳೇ ರಬ್ಬರ್. ಎರಡನ್ನೂ ಎಥನಾಲ್ ತಡೆಯುವ ಹೊಸದಕ್ಕೆ ಬದಲಿಸದೆ ಸ್ಟಾರ್ಟ್ ಮಾಡಬೇಡಿ. ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ತೊಟ್ಟಿಕ್ಕಿದರೆ ಬೆಂಕಿ.

ಈ ದಾರಿಯಲ್ಲಿ ರಿಸ್ಕ್ ಇಲ್ಲವೇ ಅಂದರೆ, ಇದೆ. ಚಾಸಿ ಒಳಗಿನಿಂದ ತುಕ್ಕು ಹಿಡಿದಿದ್ದರೆ ಖರ್ಚು ಏರುತ್ತದೆ. ಟಿಡಿಯ ಚಾಸಿ ಪೆಟ್ಟಿಗೆಯಾಕಾರದ್ದು, ಒಳಗಿನ ತುಕ್ಕು ಹೊರಗೆ ಕಾಣುವುದಿಲ್ಲ. ಅದಕ್ಕೇ ಕೆಲಸವನ್ನು ಒಂದೇ ಸಲ ಗುತ್ತಿಗೆಗೆ ಕೊಡಬೇಡಿ. ಮೊದಲು ಬಿಚ್ಚಿ ಪರೀಕ್ಷೆ ಮಾಡುವುದಕ್ಕಷ್ಟೇ ದುಡ್ಡು ಕೊಡಿ. ವರದಿ, ಫೋಟೋ ಕೈಗೆ ಬಂದ ಮೇಲೆ ಮುಂದಿನ ಹಂತ. ಚಾಸಿ ಕೊಯ್ದಿದೆ, ಎಂಜಿನ್ ಬ್ಲಾಕ್ ಬಿರಿದಿದೆ ಅಂತ ವರದಿ ಬಂದರೆ ಅಲ್ಲೇ ನಿಲ್ಲಿಸಿ. ಪೇಪರ್ ಸರಿಮಾಡಿ, ಎರಡೂ ಎಂಜಿನ್ ಸಮೇತ, ವರದಿ ಸಮೇತ, ಹಾಗೇ ಮಾರಿ. ಆಗಲೂ 9 ಲಕ್ಷಕ್ಕಿಂತ ಮೇಲೆ ಕೇಳುವ ಧೈರ್ಯ ನಿಮಗೆ ಇರುತ್ತದೆ. ಎಲ್ಲಕ್ಕಿಂತ ಕೆಟ್ಟ ಸ್ಥಿತಿ ಅಂದರೆ ಅರ್ಧ ಬಿಚ್ಚಿ, ಪೆಟ್ಟಿಗೆಗಳಲ್ಲಿ ತುಂಬಿಟ್ಟ ಗಾಡಿ. ಗ್ಯಾರೇಜಿನಲ್ಲಿ ಬಾಡಿಗೆ ಏರುತ್ತದೆ, ಭಾಗಗಳು ಕಾಣೆಯಾಗುತ್ತವೆ, ಕೊಳ್ಳಲು ಬಂದವರು ಅದನ್ನು ಗುಜರಿ ಬೆಲೆಗೆ ಕೇಳುತ್ತಾರೆ. 18 ಲಕ್ಷದ ಕೆಲಸ ಅರ್ಧಕ್ಕೆ ನಿಂತು ಇಂಥ ಸ್ಥಿತಿಗೆ ಬಂದ ಗಾಡಿಗಳನ್ನು ನಾನು ತುಂಬಾ ನೋಡಿದ್ದೇನೆ. ನೀವು ಗಾಡಿಯನ್ನು ಇಟ್ಟುಕೊಳ್ಳುವ ಮನಸ್ಸು ಮಾಡಿದರೆ ಪೂರ್ತಿ ರಿಸ್ಟೊರೇಷನ್ ಬಗ್ಗೆ ಬೇರೆ ಮಾತಾಡೋಣ. ಲಾಭಕ್ಕಾಗಿ ಅದನ್ನು ಮಾಡಿಸಬೇಡಿ.

ಗಿರಾಕಿಯನ್ನು ಹುಡುಕುವಾಗ ಕ್ಲಬ್‌ಗಳಿಂದ ಶುರು ಮಾಡಿ. ಕರ್ನಾಟಕ ವಿಂಟೇಜ್ ಆ್ಯಂಡ್ ಕ್ಲಾಸಿಕ್ ಕಾರ್ ಕ್ಲಬ್ಬಿನವರಿಗೆ ಇಂಥ ಗಾಡಿ ಹುಡುಕುವವರ ಪರಿಚಯ ಇರುತ್ತದೆ. ಬ್ರಿಟನ್ನಿನ ಎಂಜಿ ಕಾರ್ ಕ್ಲಬ್ಬಿನಲ್ಲಿ ಟಿ ಮಾದರಿಗಳಿಗೆಂದೇ ಟಿ ರಿಜಿಸ್ಟರ್ ಇದೆ. ಚಾಸಿ ನಂಬರ್ ಕೊಟ್ಟು ಅವರನ್ನು ವಿಚಾರಿಸಿ. ಅಲ್ಲಿಂದ ಬರುವ ಒಂದು ಪತ್ರವೂ ನಿಮ್ಮ ಫೈಲಿಗೆ ತೂಕ ಕೊಡುತ್ತದೆ. ತಾತ ಗಾಡಿಯ ಜೊತೆ ನಿಂತ ಫೋಟೋ, ಹಳೇ ತೆರಿಗೆ ರಸೀದಿ, ಇನ್ಶೂರೆನ್ಸ್ ಕಾಗದ ಏನಿದ್ದರೂ ಹುಡುಕಿ ಇಡಿ.

ಇವು ತೆರಿಗೆ ವಿಷಯದಲ್ಲೂ ಬೇಕಾಗುತ್ತವೆ. ಸ್ವಂತ ಬಳಕೆಯ ಕಾರು ಮಾರಿದರೆ ಬಂಡವಾಳ ಲಾಭದ ತೆರಿಗೆ ಇಲ್ಲ ಎಂದು ಎಲ್ಲರೂ ಹೇಳುತ್ತಾರೆ. ಸ್ವಂತ ಬಳಕೆ ಆಗಿತ್ತು ಎಂದು ತೋರಿಸಲು ಆದರೆ ಅದು ನಿಜ. 1983ರಲ್ಲಿ 20 ಸಾವಿರಕ್ಕೆ ಕೊಂಡ 1931ರ ಒಂದು ಫೋರ್ಡ್ ಟೂರರ್ ಮುಂದೆ 21 ಲಕ್ಷಕ್ಕೆ ಮಾರಾಟವಾಗಿತ್ತು. ಆ ಪ್ರಕರಣ ಬಾಂಬೆ ಹೈಕೋರ್ಟಿನವರೆಗೆ ಹೋಯಿತು. ಮಾಲೀಕರು ಅದನ್ನು ಸ್ವಂತಕ್ಕೆ ಬಳಸಿದ್ದಕ್ಕೆ ಪುರಾವೆ ಇಲ್ಲವೆಂದು ತೆರಿಗೆ ಕಟ್ಟಬೇಕೆಂದೇ ತೀರ್ಪಾಯಿತು. ನಿಮ್ಮ ಗಾಡಿ ಇಪ್ಪತ್ತೈದು ವರ್ಷ ಶೆಡ್ಡಿನಲ್ಲೇ ನಿಂತಿದೆ. ಹಾಗಾಗಿ ಮಾರುವ ಮೊದಲೇ ಆಡಿಟರ್ ಹತ್ತಿರ ಮಾತಾಡಿ. ದುಡ್ಡು ಬ್ಯಾಂಕ್ ಮೂಲಕವೇ ಬರಲಿ. 2 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ತೆಗೆದುಕೊಂಡರೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಪೂರ್ತಿ ಹಣ ಬರುವ ತನಕ ಸಹಿ ಮಾಡಿದ ಫಾರ್ಮ್, ಆರ್‌ಸಿ, ಹಳೇ ಎಂಜಿನ್ ಮೂರೂ ನಿಮ್ಮ ಹತ್ತಿರವೇ ಇರಲಿ.

ಮಳೆಗಾಲಕ್ಕೆ ಮೊದಲು ಮಾಡಬೇಕಾದ ಕೆಲಸ ಇಷ್ಟು. ಗಾಡಿಯನ್ನು ಮಣ್ಣಿನ ನೆಲದಿಂದ ಎತ್ತಿ ಇಟ್ಟಿಗೆಯ ಮೇಲೆ ಮರದ ದಿಮ್ಮಿ ಇಟ್ಟು ನಿಲ್ಲಿಸಿ. ಪ್ಲಾಸ್ಟಿಕ್ ಟಾರ್ಪಾಲ್ ಹೊದಿಸಿದ್ದರೆ ತೆಗೆದು ಹತ್ತಿಯ ಬಟ್ಟೆ ಹೊದಿಸಿ, ಒಳಗೆ ಬೆವರು ನಿಲ್ಲಬಾರದು. ಎಂಜಿನ್ನನ್ನು ಹಲಗೆಯ ಮೇಲಿಟ್ಟು ಎಲ್ಲಾ ತೂತುಗಳನ್ನೂ ಬಟ್ಟೆಯಿಂದ ಮುಚ್ಚಿ. ಬೆಂಗಳೂರಿಗೆ ಸಾಗಿಸುವಾಗ ಹಗ್ಗ ಕಟ್ಟಿ ಎಳೆಸಬೇಡಿ, ಅದಕ್ಕೆ ಬ್ರೇಕೂ ಇಲ್ಲ, ಬಾಡಿಯಲ್ಲಿ ಬಲವೂ ಇಲ್ಲ. ಚಪ್ಪಟೆ ಲಾರಿಯ ಮೇಲೆ ಏರಿಸಿ, ಹಗ್ಗವನ್ನು ಚಾಸಿಗೆ ಬಿಗಿಸಿ. ಗಾಡಿಯ ಮೈಗೆ ಬಿಗಿಸಲೇಬೇಡಿ. ಎರಡೂ ಎಂಜಿನ್ ನಂಬರ್‌ಗಳ ಫೋಟೋ, ಆರ್‌ಸಿಯ ಎಂಜಿನ್ ನಂಬರ್ ಇರುವ ಪುಟ, ಚಾಸಿಯ ಕೆಳಗಿನ ಫೋಟೋಗಳು ಸಿದ್ಧವಾದರೆ ಕಳಿಸಿ. ಅಡ್ಡಪಟ್ಟಿ ಕೊಯ್ದಿದ್ದಾರೋ ಇಲ್ಲವೋ ಎಂದು ನೋಡಿ ಹೇಳುತ್ತೇನೆ.